ಎರಡು ನಿಮಿಷದ ಬಣ್ಣ

ನಾನು ಹುಟ್ಟಾ ಅಂಜುಬುರುಕಿ. ಹುಬ್ಬು ತೀಡುವಾಗ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದರೂ ಹಲ್ಲಿನಲ್ಲಿ ಕಚ್ಚಿಕೊಂಡ ದಾರ ಜಾರಿಬಿಡುತ್ತಿತ್ತು. ಇಂಥವಳು ಬೆಂಕಿಯ ಜೊತೆ ಹುಡುಗಾಟ ಆಡಿದೆ ಎಂದರೆ ನನ್ನನ್ನು ಬಲ್ಲವರು ಯಾರೂ ನಂಬಲಿಕ್ಕಿಲ್ಲ. ಆದರೂ ಆಡಿದೆ. ಒಬ್ಬ ಹುಡುಗಿಯ ಎಡಗೈಯ ಎರಡು ಬೆರಳು ಅದಕ್ಕೆ ಸಾಕ್ಷಿ.

ನವನಗರದಲ್ಲಿ ನಾವಿದ್ದ ಬಾಡಿಗೆ ಮನೆಯ ಮುಂದಿನ ಖೋಲಿಯೇ ನನ್ನ ಪಾರ್ಲರ್. ಎರಡು ಕುರ್ಚಿ, ಒಂದು ಉದ್ದನೆಯ ಕನ್ನಡಿ, ಒಂದು ಟೇಬಲ್ ಫ್ಯಾನು. ಪರದೆಯ ಹಿಂದೆ ವ್ಯಾಕ್ಸ್ ಕಾಯಿಸಲು ಒಂದೇ ಬರ್ನರಿನ ಸಣ್ಣ ಗ್ಯಾಸ್ ಒಲೆ. ಫೇಶಿಯಲ್ ಮಾಡಿಸಿಕೊಳ್ಳಲು ತಾಸುಗಟ್ಟಲೆ ಕಣ್ಣು ಮುಚ್ಚಿ ಮಲಗುವ ಹೆಂಗಸರು, ಉಗುರಿಗೆ ಬಣ್ಣ ಹಚ್ಚಿದ ಕೂಡಲೇ ಅದೇನಾಗುತ್ತಿತ್ತೋ, ಗಡಿಬಿಡಿಗೆ ಬೀಳುತ್ತಿದ್ದರು. ಒಬ್ಬಳಿಗೆ ಒಲೆಯ ಮೇಲೆ ಹಾಲಿಟ್ಟು ಬಂದದ್ದು ಆಗಲೇ ನೆನಪಾಗಬೇಕು, ಇನ್ನೊಬ್ಬಳಿಗೆ ಆಗಲೇ ಗಂಡನ ಫೋನು ಬರಬೇಕು. ಬಾಗಿಲಲ್ಲಿ ಬಗ್ಗಿ ಚಪ್ಪಲಿಯ ಬೆಲ್ಟು ಎಳೆಯುವಷ್ಟರಲ್ಲಿ ಹೆಬ್ಬೆರಳಿನ ಬಣ್ಣ ಮುದುಡಿ ಹೋಗುತ್ತಿತ್ತು. ವಾಪಸು ಒಳಗೆ ಬಂದು, "ಅಕ್ಕಾರ, ನೋಡ್ರಿ ನೀವು ಹಚ್ಚಿದ್ದು, ಸಣ್ಣ ಹುಡುಗೂರು ಗೀಚಿದಂಗ ಆಗೇತಿ," ಎಂದು ನನ್ನ ಮೇಲೇ ಗೂಬೆ ಕೂರಿಸುತ್ತಿದ್ದರು.

ಬೇಗ ಒಣಗಿಸಲು ನಾನು ಮಾಡದ ಉಪಾಯವಿರಲಿಲ್ಲ. ದಪ್ಪಗೆ ಒಂದೇ ಸಲ ಬಳಿಯುವ ಬದಲು ತೆಳ್ಳಗೆ ಎರಡು ಸಲ ಹಚ್ಚಿ ನೋಡಿದೆ. ಕೂದಲು ಒಣಗಿಸುವ ಮಷೀನು ಹಿಡಿದೆ. ಬಿಸಿಗಾಳಿಗೆ ಬಣ್ಣ ಒಣಗುವುದಿರಲಿ, ಮೆತ್ತಗಾಗಿ ಗುಳ್ಳೆ ಎದ್ದಿತು. ಸ್ವಲ್ಪ ಬಿಗಿದ ಮೇಲೆ ಮಂಜುಗಡ್ಡೆ ಹಾಕಿದ ನೀರಿನಲ್ಲಿ ಬೆರಳು ಅದ್ದಿದರೆ ಬಣ್ಣ ಗಟ್ಟಿಯಾಗುತ್ತದೆ, ಅದು ಮಾತ್ರ ಖರೆ. ಅದಕ್ಕೆಂದೇ ಒಂದು ಸ್ಟೀಲ್ ಬೋಗುಣಿ ಇಟ್ಟಿದ್ದೆ. ಆದರೆ ನಮ್ಮ ಕಡೆ ಉಗುರಿಗೆ ಬಣ್ಣ ಬೇಕಾಗುವುದು ಹೆಚ್ಚಾಗಿ ಮದುವೆಗೆ, ಆಗ ಕೈತುಂಬ ಹೊಸ ಮೆಹಂದಿ. ಹೊಸ ಮೆಹಂದಿಗೆ ಒಂದು ದಿನ ನೀರು ಸೋಕಬಾರದು. ಸೋಕಿದರೆ ಕೆಂಪೇರದೆ ತೆಳು ಕಿತ್ತಳೆ ಬಣ್ಣಕ್ಕೇ ನಿಂತುಬಿಡುತ್ತದೆ. ಮದುಮಗಳ ಕೈ ಕೆಂಪೇರದಿದ್ದರೆ ನೂರು ಜನ ನೂರು ಮಾತಾಡುತ್ತಾರೆ. ಹಾಗಾಗಿ ಬೋಗುಣಿ ಮೆಹಂದಿ ಇಲ್ಲದವರಿಗೆ ಮಾತ್ರ.

ನನ್ನ ಗಂಡ ನವನಗರದಲ್ಲೇ ಕಾರಿಗೆ ಬಣ್ಣ ಹೊಡೆಯುವ ಶೆಡ್ಡಿನಲ್ಲಿ ಕೆಲಸಕ್ಕಿದ್ದರು. ಸಂಜೆ ಬಂದವರೇ ಬಚ್ಚಲಿನಲ್ಲಿ, ಬಣ್ಣ ತೆಳುವಾಗಿಸುವ ಥಿನ್ನರ್ ಹಾಕಿದ ಅರಿವೆಯಿಂದ ಕೈಗೆ ಹತ್ತಿದ ಬಣ್ಣ ಒರೆಸಿಕೊಳ್ಳುತ್ತಿದ್ದರು. ಒಂದು ದಿನ ಮಾತಿಗೆ ಮಾತು ಬಂದು, ಥಿನ್ನರ್ ಬೆರೆಸಿ ಹೊಡೆದರೆ ಕಾರಿನ ಬಾನೆಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಒಣಗಿರುತ್ತದೆ ಎಂದರು. ನನ್ನ ಕಿವಿ ನೆಟ್ಟಗಾಯಿತು. ಮರುದಿನ, ತಳದಲ್ಲಿ ಗಟ್ಟಿಯಾಗಿ ಕೂತಿದ್ದ ಮರೂನ್ ಬಣ್ಣದ ಶೀಶೆಗೆ ನಾಲ್ಕು ಹನಿ ಹಾಕಿ ಅಲ್ಲಾಡಿಸಿ ನನ್ನ ಉಗುರಿಗೇ ಹಚ್ಚಿಕೊಂಡೆ. ಎರಡು ನಿಮಿಷ! ಒತ್ತಿ ನೋಡಿದರೂ ಗುರುತು ಬೀಳಲಿಲ್ಲ. ಸಂಭ್ರಮ ತಡೆಯದೆ ಗಂಡನಿಗೆ ತೋರಿಸಿದರೆ ಅವರ ಮುಖ ಸಣ್ಣಗಾಯಿತು.

"ಏ ಹುಚ್ಚಿ, ಅದು ಮಂದಿ ಕೈಗೆ ಹಚ್ಚೂದಲ್ಲ. ಶೆಡ್ಡಿನ್ಯಾಗ ಅದರ ಡಬ್ಬಿ ತಗದ್ರ ಬೀಡಿ ಸೈತ ಹಚ್ಚಂಗಿಲ್ಲ ನಾವು."

"ನಾಕ ಹನಿ ಅಷ್ಟ ರೀ. ಏನಾಗ್ತೈತಿ?"

ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದರೆ ಸುಳ್ಳಾದೀತು. ಮರುದಿನವೇ ಕನ್ನಡಿಯ ಮೇಲಿದ್ದ ದೇವರ ಫೋಟೋವನ್ನು ಒಳಮನೆಗೆ ಸಾಗಿಸಿದೆ. ಊದಿನಕಡ್ಡಿಯನ್ನು ಹೊರಗಿನ ತುಳಸಿ ಕುಂಡದಲ್ಲಿ ಚುಚ್ಚಲು ಶುರುಮಾಡಿದೆ. ಕೇಳಿದವರಿಗೆ, ಹೊಗೆಯಿಂದ ನೆಗಡಿಯಾಗುತ್ತದೆ ಎಂದು ಹೇಳಿದೆ. ವ್ಯಾಕ್ಸ್ ಕಾಯಿಸುವ ಹೊತ್ತಿನಲ್ಲಿ ಬಣ್ಣದ ಶೀಶೆಯ ಮುಚ್ಚಳ ತೆಗೆಯುತ್ತಿರಲಿಲ್ಲ. ಇಷ್ಟು ಅಂಜುವವಳು ಥಿನ್ನರನ್ನೇ ಚೆಲ್ಲಿಬಿಡಬಹುದಿತ್ತಲ್ಲ? ಚೆಲ್ಲಲಿಲ್ಲ. ಏಕೆಂದರೆ ಅಷ್ಟರಲ್ಲಿ ಸುತ್ತಲಿನ ಓಣಿಗಳಲ್ಲೆಲ್ಲ ನನ್ನ ಹೆಸರು ಓಡಾಡುತ್ತಿತ್ತು. "ಆ ಅಕ್ಕಾರ ಕಡೆ ಹೋಗ್ರಿ, ಎರಡ ನಿಮಿಷದಾಗ ಒಣಗ್ತೈತಿ." ಜನ್ಮದಲ್ಲಿ ಮೊದಲ ಸಲ ನಾನು ಯಾವುದೋ ಒಂದರಲ್ಲಿ ಮುಂದಿದ್ದೆ. ಅದರ ರುಚಿ ಹತ್ತಿಬಿಟ್ಟಿತ್ತು.

ಆ ಹುಡುಗಿ ಬಂದದ್ದು ಒಂದು ಮಧ್ಯಾಹ್ನ, ಊಟದ ಹೊತ್ತು ಮುಗಿದ ಮೇಲೆ. ಮರುದಿನ ಅವಳ ನಿಕಾಹ್. ಜೊತೆಗೆ ಅವಳ ತಾಯಿಯ ತಂಗಿ, ಅವಳು ಖಾಲಾ ಎನ್ನುತ್ತಿದ್ದ ಧಡೂತಿ ಹೆಂಗಸು. ಇಬ್ಬರೂ ಬೆಂಗೇರಿಯಿಂದ ಆಟೋದಲ್ಲಿ ಬಂದಿದ್ದರು. ಆಗಷ್ಟೇ ಉದುರಿಸಿದ ಮೆಹಂದಿ ಅವಳ ಎರಡೂ ಕೈಮೇಲೆ ಇನ್ನೂ ಹಸಿ ಕಿತ್ತಳೆಯಾಗಿತ್ತು. ಹುಡುಗಿಯನ್ನು ನಾನು ನೋಡಿದ್ದು ಅದೇ ಮೊದಲು, ಆದರೆ ಅವಳ ಕೆಲಸ ನೋಡಿದ್ದೆ. ನನ್ನ ಹತ್ತಿರ ಬರುತ್ತಿದ್ದ ಎಷ್ಟೋ ಮದುವಣಗಿತ್ತಿಯರ ಕುಪ್ಪಸದ ಬೆನ್ನಿನ ಮೇಲೆ ನವಿಲು, ಕಮಲ, ಬಳ್ಳಿ ಹೊಲಿದವಳು ಅವಳೇ. ಆರಿ ವರ್ಕ್ ಎನ್ನುತ್ತಾರಲ್ಲ, ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಕೊಕ್ಕೆ ಸೂಜಿಯಿಂದ ಹೊಲಿಯುವ ಕಸೂತಿ, ಅದು.

ಬಲಗೈಗೆ ಬಣ್ಣ ಹಚ್ಚುತ್ತ, ಅಷ್ಟು ಸಣ್ಣ ಕೆಲಸ ಹೇಗೆ ಮಾಡುತ್ತೀ ಎಂದು ಕೇಳಿದೆ. ನಕ್ಕಳು.

"ಬಲಗೈ ಸೂಜಿ ಹಿಡೀತೈತ್ರಿ, ಅದೇನ ದೊಡ್ಡ ಮಾತಲ್ಲ. ಖರೇ ಕೆಲಸಾ ಇದರದು," ಎಂದು ಎಡಗೈಯ ಹೆಬ್ಬೆರಳು, ತೋರುಬೆರಳು ಜೋಡಿಸಿ ತೋರಿಸಿದಳು. "ಬಟ್ಟಿ ಕೆಳಗ ನೂಲ ಹಿಡದಿರೂದು ಈ ಎರಡ ಬೆರಳರಿ. ಕೆಳಗಿಂದು ಕಣ್ಣಿಗಿ ಕಾಣಂಗಿಲ್ಲ. ಸೂಜಿ ಬಂತು, ನೂಲ ಕೊಡು ಅಂತ ಬೆರಳಿಗಷ್ಟ ಗೊತ್ತಾಗ್ತೈತಿ."

"ಮದಿವಿ ಆದ ಮ್ಯಾಲೂ ಮಾಡಾಕಿ ಏನವಾ?"

"ಮಾಡಾಕೀನರಿ. ಅದಕ್ಕ ಒಪ್ಪಿದ ಮನೀನ ಹುಡಿಕ್ಯಾರ ನಮ್ಮ ಅಬ್ಬಾ."

ಎಡಗೈಗೆಂದು ಶೀಶೆಯನ್ನು ಮತ್ತೆ ಅಲ್ಲಾಡಿಸಿ ಮುಚ್ಚಳ ತೆಗೆದಾಗ ಅವಳು ಮೂಗು ಅರಳಿಸಿದಳು. "ಈ ವಾಸನಿ ನಮ್ಮ ಮನ್ಯಾಗೂ ಬರ್ತೈತಲ್ರಿ ಅಕ್ಕಾರ! ಅಬ್ಬಾನ ಅಂಗಿಗೆ. ಅವರದು ಬೆಂಗೇರ್ಯಾಗ ಕಾರ್ ಪೇಂಟಿಂಗ್ ಶೆಡ್ಡ ಐತ್ರಿ."

ನನ್ನ ಕೈ ಅಲ್ಲಿಗೇ ನಿಂತಿತು. "ನೇಲ್ ಪಾಲಿಶ್ ಅಂದ್ರ ಎಲ್ಲಾ ಹಿಂಗ ನಾರ್ತಾವ ತೊಗೊ," ಎಂದು ತೇಲಿಸಿ ಮದುವೆ ಸೀರೆಯ ಮಾತು ತೆಗೆದೆ. ಆ ಗಾಬರಿಯಲ್ಲಿ ಎಡಗೈಯ ಹೆಬ್ಬೆರಳು, ತೋರುಬೆರಳಿನ ಬಣ್ಣ ಅಂಚು ದಾಟಿ ಚರ್ಮಕ್ಕೆ ಹತ್ತಿತು. ಹತ್ತಿಯನ್ನು ಥಿನ್ನರಿನಲ್ಲಿ ಅದ್ದಿ ಆ ಎರಡು ಬೆರಳಿನ ಸುತ್ತ ಒರೆಸಿ, ಎರಡನೆಯ ಸಲ ಬಣ್ಣ ಹಚ್ಚಿದೆ.

ಅಷ್ಟರಲ್ಲಿ ಖಾಲಾ ತಮ್ಮ ಚೀಲದಿಂದ ಒಂದು ಪೊಟ್ಟಣ ತೆಗೆದರು. ಲವಂಗ. ಮೆಹಂದಿ ಉದುರಿಸಿದ ಮೇಲೆ ಹಂಚಿನ ಮೇಲೆ ಲವಂಗ ಹುರಿದು ಆ ಹೊಗೆಗೆ ಕೈ ಹಿಡಿದರೆ ಬಣ್ಣ ಕಡುಗೆಂಪಾಗುತ್ತದೆ. ಎಲ್ಲರೂ ಮನೆಯಲ್ಲೇ ಮಾಡಿಕೊಂಡು ಬರುತ್ತಿದ್ದರು. ಇವರ ಮನೆತುಂಬ ಬೀಗರು, ಒಲೆ ಖಾಲಿ ಇರಲಿಲ್ಲವಂತೆ.

"ನಿಮ್ಮ ಗ್ಯಾಸ್ ಐತಲ್ಲ, ಒಂದ ಹಂಚ ಇಡ್ರಿ. ಐದ ನಿಮಿಷದ ಕೆಲಸಾ."

ಬೇಡ ಎನ್ನಬೇಕಿತ್ತು. ಬೇಡ ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದರೆ ಏನು ಹೇಳಲಿ? "ಬಣ್ಣ ಹಸಿ ಐತ್ರಿ," ಎಂದು ಗೊಣಗಿದೆ.

"ಎರಡ ನಿಮಿಷದಾಗ ಒಣಗ್ತೈತಿ ಅಂತ ಊರೆಲ್ಲಾ ಅಂತಾರಲ್ಲ! ಎರಡ ಏನ, ನಾಕ ನಿಮಿಷ ಆತು."

ನನ್ನ ಮಾತೇ ನನ್ನ ಕೊರಳಿಗೆ ಸುತ್ತಿಕೊಂಡಿತು. ಹೆಬ್ಬೆರಳಿನ ಬಣ್ಣ ಮುಟ್ಟಿ ನೋಡಿದೆ, ಕೈಗೆ ಹತ್ತಲಿಲ್ಲ. ಒಣಗಿದ ಮೇಲೆ ಇನ್ನೇನು ಎಂದು ನನಗೆ ನಾನೇ ಹೇಳಿಕೊಂಡೆ. ಮೇಲೆ ಒಣಗಿದ ಬಣ್ಣದ ಕೆಳಗೆ ಹಸಿ ಇರುತ್ತದೆ ಎಂಬುದು ಹತ್ತು ವರ್ಷ ಇದೇ ಕೆಲಸ ಮಾಡಿದವಳಿಗೆ ಗೊತ್ತಿರಬೇಡವೇ? ಪರದೆ ಸರಿಸಿ ಒಲೆ ಹಚ್ಚಿ ಹಂಚು ಇಟ್ಟೆ. ಲವಂಗ ಚಟಪಟ ಅನ್ನತೊಡಗಿತು. ಹುಡುಗಿ ಎರಡೂ ಕೈ ಚಾಚಿ ಒಂದು ಗೇಣು ಮೇಲೆ ಹಿಡಿದಳು. ಬಲಗೈಗೆ ಹೊಗೆ ಚೆನ್ನಾಗಿ ಹತ್ತಿತು.

"ಎಡಗೈ ಇನ್ನಷ್ಟ ಕೆಳಗ ತಗೊಳವಾ, ಹೊಗಿ ಹತ್ತವಲ್ದು," ಎಂದರು ಖಾಲಾ.

ಅವಳು ಎಡಗೈ ಇಳಿಸಿದಳು. ಹಂಚಿನ ಅಂಚಿನಿಂದ ಉರಿಯ ನಾಲಗೆ ಒಂದಿಷ್ಟು ಹೊರಗೆ ಬರುತ್ತಿತ್ತು. ಭಗ್ ಎಂದು ಸಣ್ಣ ಸದ್ದಾಯಿತು. ಅವಳ ಹೆಬ್ಬೆರಳು, ತೋರುಬೆರಳು ನೀಲಿಯಾಗಿ ಉರಿಯುತ್ತಿದ್ದವು.

ಅವಳು ಚೀರಲೂ ಇಲ್ಲ. ಬೇರೆ ಯಾರದೋ ಕೈ ಎನ್ನುವ ಹಾಗೆ ಬೆರಳುಗಳನ್ನೇ ನೋಡುತ್ತ ನಿಂತಳು. ಆಮೇಲೆ ಅವಳು ಕೂಗಿದಳಲ್ಲ, ಆ ಕೂಗು ಈಗಲೂ ಒಮ್ಮೊಮ್ಮೆ ಪಾತ್ರೆ ತಿಕ್ಕುತ್ತಿದ್ದಾಗ ಕಿವಿಯಲ್ಲಿ ಬರುತ್ತದೆ. ಬೆಳಿಗ್ಗೆ ಬಂದವಳೊಬ್ಬಳಿಗೆ ಬಳಸಿದ ಬೋಗುಣಿ ಟೇಬಲ್ಲಿನ ಕೆಳಗಿತ್ತು. ಮಂಜುಗಡ್ಡೆ ಕರಗಿದ್ದರೂ ನೀರು ಇನ್ನೂ ತಣ್ಣಗಿತ್ತು. ಎಳೆದು ತೆಗೆದೆ.

"ನೀರಾಗ ಬ್ಯಾಡ್ರಿ! ಮೆಹಂದಿ ಹೋಗ್ತೈತಿ!" ಖಾಲಾ ನನ್ನ ರಟ್ಟೆ ಹಿಡಿದರು. ಅವರಿಗೂ ಬುದ್ಧಿ ನೆಟ್ಟಗಿರಲಿಲ್ಲ, ಪಾಪ. ಬಾಯಿಗೆ ರೂಢಿಯಾದ ಮಾತು ಬಂದುಬಿಟ್ಟಿತು. ನಾನು ಕೈ ಕೊಸರಿಕೊಂಡೆ. ಆದರೆ ಅಷ್ಟು ಹೊತ್ತು, ಒಂದು ಉಸಿರಿನಷ್ಟು ಹೊತ್ತು, ನಾನೂ ತಡೆದು ನಿಂತಿದ್ದೆ. ಮದುಮಗಳ ಹೊಸ ಮೆಹಂದಿಯನ್ನು ನೀರಿಗೆ ಹಾಕುವುದು ಹೇಗೆ ಎಂದು. ಆಮೇಲೆ ಅವಳ ಕೈಯನ್ನು ಮಣಿಕಟ್ಟಿನವರೆಗೆ ಬೋಗುಣಿಗೆ ಒತ್ತಿ ಹಿಡಿದೆ. ನೀರು ತುಸು ಕಿತ್ತಳೆಯಾಯಿತು.

ಹತ್ತಿರದ ದವಾಖಾನೆಗೆ ಹೋಗುವ ದಾರಿಯುದ್ದಕ್ಕೂ ಆಟೋದಲ್ಲಿ ಆ ಬೋಗುಣಿ ನನ್ನ ತೊಡೆಯ ಮೇಲೆ, ಅದರಲ್ಲಿ ಅವಳ ಕೈ. ಅವಳು ಒಂದೇ ಮಾತು ಕೇಳುತ್ತಿದ್ದಳು: "ಬೆರಳ ಉಳೀತಾವಲ್ರಿ ಅಕ್ಕಾರ? ಕೆಲಸಾ ಮಾಡಾಕ ಬರ್ತೈತಲ್ರಿ?" ನಾನು ಹೂಂ ಹೂಂ ಎನ್ನುತ್ತಿದ್ದೆ. ಯಾವ ಧೈರ್ಯದ ಮೇಲೆ ಅಂದೆನೋ.

ಅಲ್ಲಿನ ಲೇಡಿ ಡಾಕ್ಟರು ಸುಟ್ಟದ್ದನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಹೆಂಗಾತಿದು?"

ನಾನು ಹುಡುಗಿಯ ಹಿಂದೆ ಸರಿದೆ. ಹುಡುಗಿಯೇ ಹೇಳಿದಳು. "ಲವಂಗದ ಹೊಗಿ ಹಿಡಿಯೂಮುಂದ ಕೈ ಭಾಳ ಕೆಳಗ ತಂದೆರಿ. ನಂದ ತಪ್ಪು."

"ಬರೇ ಹೊಗಿಗೆ ಹಿಂಗಾಗಂಗಿಲ್ಲ. ಬೆರಳಿಗೆ ಏನರ ಹಚ್ಚಿದ್ರೇನು?" ಎಂದು ಡಾಕ್ಟರು ನನ್ನ ಕಡೆ ತಿರುಗಿದರು.

ಆಗ ಹೇಳಬೇಕಿತ್ತು. ಒಂದೇ ಶಬ್ದ, ಥಿನ್ನರ್. ಹೇಳಿದರೆ ಪಾರ್ಲರಿಗೆ ಬೀಗ, ಪೊಲೀಸರು, ಓಣಿಯಲ್ಲಿ ತಲೆ ಎತ್ತದ ಹಾಗೆ ಆಗುವುದು, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. "ನೇಲ್ ಪಾಲಿಶ್ ಅಷ್ಟ ರೀ," ಎಂದೆ. ಹುಡುಗಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಅವಳ ಅಪ್ಪ ಸ್ಕೂಟರಿನಲ್ಲಿ ಧಾವಿಸಿ ಬಂದರು. ಬಡಕಲು ಮನುಷ್ಯ, ಉಗುರಿನ ಸಂದಿಯಲ್ಲೆಲ್ಲ ಬೆಳ್ಳಿ ಬಣ್ಣ, ನನ್ನ ಗಂಡನ ಕೈ ಇದ್ದ ಹಾಗೆಯೇ. ಮಗಳ ಕೈಯನ್ನು ಎರಡೂ ಅಂಗೈಯಲ್ಲಿ ಹಿಡಿದು ಮುಖದ ಹತ್ತಿರ ತಂದರು. ಮುದ್ದಿಡುತ್ತಾರೇನೋ ಎಂದುಕೊಂಡೆ. ಅವರು ಮೂಸಿದರು. ಒಂದು ಸಲ, ಇನ್ನೊಂದು ಸಲ. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. ಆ ಮೇಲೆ ಮಗಳ ಪಕ್ಕದಲ್ಲಿ ಕೂತರು.

"ಗಾಯ ಮಾಯ್ತಾವು," ಎಂದರು ಡಾಕ್ಟರು ಪಟ್ಟಿ ಕಟ್ಟುತ್ತ. "ಆದ್ರ ತುದಿಗೆ ಮುಟ್ಟಿದ್ದು ಗೊತ್ತಾಗ್ತೈತೋ ಇಲ್ಲೋ, ಅದನ್ನ ಈಗ ಹೇಳಾಕ ಬರಂಗಿಲ್ಲ. ತಿಂಗಳಗಟ್ಟಲೆ ಕಾಯಬೇಕು."

ಮರುದಿನದ ನಿಕಾಹ್ ನಿಲ್ಲಲಿಲ್ಲ. ಎಡಗೈಗೆ ಪಟ್ಟಿ ಕಟ್ಟಿಕೊಂಡು, ಮೇಲೆ ದುಪಟ್ಟಾ ಮುಚ್ಚಿಕೊಂಡು ಕೂತಿದ್ದಳಂತೆ. ನಾನು ಹೋಗಲಿಲ್ಲ. ದವಾಖಾನೆಯಿಂದ ಬಂದವಳೇ ಥಿನ್ನರನ್ನೂ ಅದನ್ನು ಬೆರೆಸಿದ ಶೀಶೆಗಳನ್ನೂ ಹಿತ್ತಲಿನ ಮಣ್ಣಿಗೆ ಸುರಿದೆ. ಗಂಡನಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಅದರಿಂದಲೇ ಹೆಚ್ಚು ಹೆದರಿಕೆಯಾಯಿತು.

"ಹೋಗಿ ಹೇಳಿ ಬಾ," ಎಂದರು. "ಪೇಂಟರನ ಮುಂದ ಥಿನ್ನರ್ ಮುಚ್ಚಿಡಾಕ ಆಗ್ತೈತೇನ?"

ನಾಳೆ ಎಂದೆ. ಆ ನಾಳೆ ಆರು ತಿಂಗಳು ಬರಲಿಲ್ಲ. ಓಣಿಯಲ್ಲಿ ಯಾವ ಸ್ಕೂಟರ್ ನಿಂತರೂ ಅವಳ ಅಪ್ಪನೇ ಬಂದರು ಎಂದು ಪರದೆಯ ಹಿಂದೆ ಸರಿಯುತ್ತಿದ್ದೆ. ಖಾಕಿ ಬಟ್ಟೆ ಕಂಡರೆ, ಅವನು ಕೊರಿಯರ್ ಕೊಡುವವನಾಗಿದ್ದರೂ ಸರಿ, ಒಳಗೆ ಓಡುತ್ತಿದ್ದೆ. ಉಗುರಿಗೆ ಬಣ್ಣ ಹಚ್ಚುವುದನ್ನೇ ಕಡಿಮೆ ಮಾಡಿದೆ. ಹಚ್ಚಿದರೆ ಇಪ್ಪತ್ತು ನಿಮಿಷ ಫ್ಯಾನಿನ ಮುಂದೆ ಕೂರಿಸುತ್ತಿದ್ದೆ. "ಯಾಕರಿ ಅಕ್ಕಾರ, ಮೊದಲ ಲಗೂ ಒಣಗತಿತ್ತಲ್ಲ?" ಎಂದರೆ ಫ್ಯಾನನ್ನು ಇನ್ನಷ್ಟು ಹತ್ತಿರ ಸರಿಸುತ್ತಿದ್ದೆ. ಮೂರು ಸಲ ಬೆಂಗೇರಿಗೆ ಹೋದೆ. ಮೂರು ಸಲವೂ ಅವಳ ಅಪ್ಪನ ಶೆಡ್ಡಿನ ತಿರುವಿನವರೆಗೆ. ಅಲ್ಲಿಂದ ಕಂಪ್ರೆಸರಿನ ಸದ್ದು ಕೇಳಿಸುತ್ತಿತ್ತು, ಅದೇ ವಾಸನೆ ಬರುತ್ತಿತ್ತು. ಕಾಯಿಪಲ್ಲೆ ಕೊಂಡುಕೊಂಡು ವಾಪಸು ಬರುತ್ತಿದ್ದೆ.

ಕೊನೆಗೆ ಅವಳೇ ಬಂದಳು. ಬಾಗಿಲಲ್ಲಿ ಒಬ್ಬಳೇ ನಿಂತಿದ್ದಳು. "ಆರಾಮ ಅದೀರೇನರಿ ಅಕ್ಕಾರ?" ಎಂದಳು. ಅವಳೇ ಕುರ್ಚಿ ಎಳೆದುಕೊಂಡು ಕೂತು ಎಡಗೈಯನ್ನು ಟವೆಲ್ಲಿನ ಮೇಲಿಟ್ಟಳು. ಎರಡೂ ಬೆರಳಿಗೆ ಉಗುರು ಮತ್ತೆ ಬಂದಿತ್ತು, ಕೊಂಚ ಅಂಕುಡೊಂಕು. ತುದಿಯ ಚರ್ಮ ನುಣ್ಣಗೆ ಹೊಳೆಯುತ್ತಿತ್ತು.

"ಬಣ್ಣಾ ಹಚ್ಚ್ರಿ. ಅವತ್ತಿಂದು, ಆ ಲಗೂ ಒಣಗೂದು."

"ಅದಿಲ್ಲವಾ. ಚೆಲ್ಲೇನಿ."

"ಯಾಕರಿ?"

ಓಡಿ ಹೋಗಲು ಜಾಗವಿರಲಿಲ್ಲ. ನನ್ನದೇ ಮನೆ, ನನ್ನದೇ ಕುರ್ಚಿ. "ಅದರಾಗ ಥಿನ್ನರ್ ಇತ್ತವಾ," ಎಂದೆ. "ನಾನ ಬೆರಸಿದ್ದೆ. ಬೆಂಕಿ ಹತ್ತಿದ್ದು ನಿನ್ನ ತಪ್ಪಲ್ಲ, ನಂದು. ದವಾಖಾನ್ಯಾಗ ಅಂಜಿ ಸುಳ್ಳ ಹೇಳಿದೆ. ನಿನ್ನ ಮ್ಯಾಲ ಹಾಕಿ ಸುಮ್ಮನ ನಿಂತೆ."

"ಗೊತ್ತೈತ್ರಿ," ಎಂದಳು. "ಅಬ್ಬಾಗ ಅವತ್ತ ಗೊತ್ತಾತು. ಹೋಗಿ ಕೇಳ್ತೇನಿ ಅಂತ ಎದ್ದಿದ್ರು. ನಾನ ಬ್ಯಾಡಂದೆ. ಅಕ್ಕಾರ ತಾವ ಬಂದು ಹೇಳ್ತಾರ, ನೋಡ್ರಿ ಅಂದೆ." ಟವೆಲ್ಲಿನ ಅಂಚು ಸರಿಮಾಡಿ, "ಭಾಳ ದಿನಾ ಕಾಯ್ದೆರಿ," ಎಂದಳು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಬೆರಳ ಹೆಂಗದಾವವಾ?"

"ಮಾಯ್ದಾವ್ರಿ."

"ಹಂಗಾರ ಕೆಲಸಾ ಶುರು ಮಾಡೀ?"

"ಸಾದಾ ಬಣ್ಣಾನ ಹಚ್ಚ್ರಿ. ಒಣಗೂತನಾ ಕುಂಡರ್ತೇನಿ," ಎಂದು ಮುಖ ಬಾಗಿಲ ಕಡೆ ತಿರುಗಿಸಿದಳು. ಹೊರಗೆ ಯಾರದೋ ಮನೆಯ ಹೆಂಗಸು ಹಪ್ಪಳ ಒಣಹಾಕುತ್ತಿದ್ದಳು. ಅದನ್ನೇ ನೋಡುತ್ತ ಕೂತಳು.

ಹೊಸ ಶೀಶೆ ತೆಗೆದೆ. ಅವಳ ಬೆರಳನ್ನು ಹಿಡಿದುಕೊಳ್ಳುವ ಧೈರ್ಯ ಬರಲಿಲ್ಲ. ಟವೆಲ್ಲಿನ ಮೇಲೆ ಇದ್ದಂತೆಯೇ ಬಿಟ್ಟು, ಬ್ರಶ್ಶನ್ನಷ್ಟೇ ತಾಗಿಸಿದೆ. ಹೆಬ್ಬೆರಳಿಗೆ ಹಚ್ಚಿದೆ. ತೋರುಬೆರಳಿಗೆ ಹಚ್ಚಿದೆ. ಬಣ್ಣ ಅಂಚು ದಾಟಿ ಆ ನುಣುಪು ಚರ್ಮಕ್ಕೆ ಹತ್ತಿತು. ಒಣ ಹತ್ತಿಯಿಂದ ಎರಡೂ ಬೆರಳಿನ ತುದಿ ಮೆಲ್ಲಗೆ ಒರೆಸಿದೆ.

ಅವಳು ಹಪ್ಪಳ ನೋಡುತ್ತಲೇ ಇದ್ದಳು. ತಿರುಗದೆಯೇ, "ಅಂಜಬ್ಯಾಡ್ರಿ ಅಕ್ಕಾರ," ಎಂದಳು. "ಹಚ್ಚಾಕ ಶುರು ಮಾಡ್ರಿ."

ಎರಡೂ ಬೆರಳಿಗೆ ನಾನು ಆಗಲೇ ಹಚ್ಚಿ ಮುಗಿಸಿದ್ದೆ.